ಎಂಟು ಕ್ಲಾಸಿಗೆ ಎಂಟು ದೇಶ

ಎಲ್ಲರೂ ಸುಮ್ಮನೆ ಕೂತಿದ್ದರೆ ನಮ್ಮ ಕಣಿವೆಯಲ್ಲಿ ಏನೂ ಆಗುವುದಿಲ್ಲ. ಯಾರಾದರೊಬ್ಬರು ಎದ್ದು ‘ಒಂದು ಒಳ್ಳೆಯ ಕೆಲಸ ಮಾಡೋಣ’ ಅಂದರೆ ಸಾಕು, ವರ್ಷಗಟ್ಟಲೆ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ನಾನು ಹೇಳಹೊರಟಿರುವ ಸಲ ಹಾಗೆ ಎದ್ದವರು ನಮ್ಮ ಹೆಡ್‌ಮಿಸ್ಟ್ರೆಸ್.

ತಮಿಳು ಸೀಮೆಯ ತೇನಿಯಿಂದ ಕಂಬಂ ಕಡೆ ಹೋಗುವ ದಾರಿಯಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆ. ನಾನು ಅಲ್ಲಿ ಭೂಗೋಳದ ಟೀಚರು. ಶಾಲೆ ಆಗ ಎಂಟನೇ ಕ್ಲಾಸಿಗೆ ಮುಗಿಯುತ್ತಿತ್ತು. ಒಂಬತ್ತು ಓದಬೇಕಾದರೆ ತೇನಿಗೆ ಬಸ್ಸು ಹತ್ತಬೇಕು. ಬೆಳೆದ ಹುಡುಗಿಯನ್ನು ಬಸ್ಸು ಹತ್ತಿಸುವ ಅಪ್ಪ ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ವರ್ಷ ಎಂಟನೆಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದ ಟೀಚರೇ ತಮ್ಮ ಉತ್ತರವನ್ನು ಅವಳ ಉತ್ತರದ ಜೊತೆ ಹೋಲಿಸಿ ನೋಡಿಕೊಳ್ಳುತ್ತಿದ್ದರು. ಅವಳಿಗಾಗಿ ತೇವಾರದಲ್ಲಿ ಹತ್ತಿ ವ್ಯಾಪಾರದ ಸೋದರಮಾವನೊಬ್ಬ ಕಾದು ಕೂತಿದ್ದ. ಪರೀಕ್ಷೆ ಮುಗಿದರೆ ಮೇ-ಜೂನಿನ ವೈಕಾಶಿ ತಿಂಗಳಲ್ಲಿ ಮದುವೆ. ಅವಳ ಅಪ್ಪ ನಮ್ಮ ಹಾಗೇ ಮನೆಯಲ್ಲಿ ಕನ್ನಡ ಆಡುವ ಬೇಸಾಯದವರು. ಮುಂದೆ ಓದಿಸಿ ಎಂದು ಹೋಗಿ ಕೇಳಿದೆ.

“ಅಕ್ಕ, ನಮ್ಮೂರ್ಲೇ ಒಂಬತ್ತು ಬಂದ್ರೆ ಓದ್ಲಿ. ಬಸ್ಸು ಹತ್ತೋದೇ ಆದ್ರೆ ಮಾವನ್ ಮನೆಗೇ ಹತ್ಲಿ” ಅಂದರು.

ಒಂಬತ್ತನೇ ಕ್ಲಾಸು ಕೊಡುವುದು ಬಿಡುವುದು ಇನ್‌ಸ್ಪೆಕ್ಟ್ರೆಸ್ ಅಮ್ಮನ ಕೈಯಲ್ಲಿತ್ತು. ಅವರು ಲಂಡನ್ನಿನಲ್ಲಿ ಆರು ತಿಂಗಳು ಟ್ರೈನಿಂಗ್ ಮುಗಿಸಿ ಬಂದವರು. ಬೇಸಿಗೆಗೆ ಮುಂಚಿನ ಮಾಸಿ ತಿಂಗಳಲ್ಲಿ ನಮ್ಮ ಶಾಲೆಗೆ ಬರುತ್ತಾರೆ ಎಂದು ತಿಳಿದ ಕೂಡಲೇ ಹೆಡ್‌ಮಿಸ್ಟ್ರೆಸ್ ಎದ್ದು ನಿಂತರು. “ಎಲ್ಲ ಶಾಲೆಯವರೂ ಅವರಿಗೆ ಕೋಲಾಟ ತೋರಿಸಿ ತೋರಿಸಿ ಸುಸ್ತು ಮಾಡಿದ್ದಾರೆ. ನಾವು ಲೋಕವನ್ನೇ ತೋರಿಸೋಣ. ಎಂಟು ಕ್ಲಾಸಿಗೆ ಎಂಟು ದೇಶ. ಊಟ, ಉಡುಪು, ಆಚಾರ, ಎಲ್ಲಾ!”

ಲೋಕ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾನೇ ಮಧುರೆಯ ಕಾಲೇಜಿನಿಂದಾಚೆ ಹೋದವಳಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚೀಟಿ ಎತ್ತಿ ದೇಶಗಳನ್ನು ಹಂಚಿಯಾಗಿತ್ತು.

ಗಡಿ ತಂಟೆ

ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ಅಪ್ಪಂದಿರ ಸಾಲು. ಮೊದಲನೆಯವರು ಪಂಚಾಯಿತಿ ಮೆಂಬರು. “ಟೀಚರಮ್ಮ, ನನ್ ಮಗಳಿಗೆ ಸಿಲೋನು, ನನ್ ಷಡ್ಡಕನ ಮಗಳಿಗೆ ಅಮೇರಿಕಾ. ಯಾಕೆ, ನಾವೇನು ಅವನಿಗಿಂತ ಕಮ್ಮಿನಾ? ಗೋಡೆ ಮೇಲೆ ಮ್ಯಾಪು ನೋಡ್ದೆ. ನಮ್ದು ಒಂದು ಹುಣಸೆಬೀಜದಷ್ಟಿದೆ.”

ಮಗಳು ಒಂದನೇ ಕ್ಲಾಸು, ಮುಂದೆ ದೊಡ್ಡ ಕ್ಲಾಸಿಗೆ ಹೋದಾಗ ದೊಡ್ಡ ದೇಶ ಕೊಡೋಣ ಎಂದು ಸಮಾಧಾನ ಹೇಳಿ ಕಳಿಸಿದೆವು.

ಅದಕ್ಕಿಂತ ದೊಡ್ಡ ತಂಟೆ ಐದನೇ ಕ್ಲಾಸಿನ ಫ್ರಾನ್ಸ್ ಮತ್ತು ಆರನೇ ಕ್ಲಾಸಿನ ಜರ್ಮನಿ. ಫ್ರಾನ್ಸಿನ ಲೀಡರ್ ಹುಡುಗಿಯ ಅಪ್ಪನಿಗೂ ಜರ್ಮನಿಯ ಲೀಡರ್ ಹುಡುಗಿಯ ಅಪ್ಪನಿಗೂ ತೋಟದ ಬದುವಿನ ವಿಚಾರದಲ್ಲಿ ಮಾತಿಲ್ಲ, ಕಥೆಯಿಲ್ಲ. ಇಬ್ಬರೂ ನನಗೆ ಬೆನ್ನು, ಒಬ್ಬರಿಗೊಬ್ಬರು ಬೆನ್ನು, ಹಾಗೆ ನಿಂತು ಮಾತಾಡಿದರು.

“ಅವರ ಬೆಂಚಿನ ಪಕ್ಕ ನಮ್ ಬೆಂಚು ಹಾಕಿದ್ರೆ ಹುಡುಗಿ ಬರಲ್ಲ.”

“ಹಾಕ್ಲೇಬ್ಯಾಡಿ. ಹಾಕಿದ್ರೆ ರಾತ್ರಿಗೆ ಒಂದು ಮೊಳ ಈಚೆಗೆ ತಳ್ಕೊಂಡು ಬಂದಿರ್ತಾರೆ.”

“ಅಣ್ಣ, ಭೂಗೋಳದಲ್ಲಿ ಆ ಎರಡು ದೇಶ ಅಕ್ಕಪಕ್ಕ ಇರೋದು. ನಾನೇನ್ ಮಾಡ್ಲಿ?” ಅಂದೆ.

“ಹಂಗಾದ್ರೆ ಅಲ್ಲಿಯೂ ಜಗಳ ಇದ್ದೇ ಇರತ್ತೆ” ಎಂದು ಇಬ್ಬರೂ ಒಂದೇ ಉಸಿರಲ್ಲಿ ಹೇಳಿದರು. ಅವರು ಒಂದು ಮಾತಿಗೆ ಒಪ್ಪಿದ್ದನ್ನು ಊರು ಕಂಡದ್ದು ಅದೇ ಮೊದಲು.

ಕೊನೆಗೆ ಫ್ರಾನ್ಸಿಗೂ ಜರ್ಮನಿಗೂ ನಡುವೆ ಸಿಲೋನನ್ನು ಹಾಕಿದೆವು. ಬೆಂಚಿನ ಒಂದು ಕೊನೆಯನ್ನು ಹಿಡಿದು ಎತ್ತಿದವಳು ಭೂಗೋಳದ ಟೀಚರಾದ ನಾನೇ.

ಹಿಮದ ಮನೆ

ಮೂರನೇ ಕ್ಲಾಸಿಗೆ ಗ್ರೀನ್‌ಲ್ಯಾಂಡ್ ಬಂದಿತ್ತು. ಎಸ್ಕಿಮೋ ಮನೆ ಕಟ್ಟಲು ಹಿಮವೆಲ್ಲಿ? ಲೆಕ್ಕದ ಹುಡುಗಿಯ ಸೋದರಮಾವ ತಾನೇ ಮುಂದೆ ಬಂದ. ದಪ್ಪ ಮೀಸೆ, ಒಳ್ಳೆಯ ಮನಸ್ಸು, ಎಲ್ಲದಕ್ಕೂ ‘ನಾನಿದೀನಲ್ಲ’ ಅನ್ನುವ ಆಸಾಮಿ. “ನಮ್ ಹುಡುಗಿ ಓದೋ ಶಾಲೆ ಅಲ್ವಾ” ಎಂದು ಗಾಡಿಗಟ್ಟಲೆ ಹತ್ತಿ ತಂದು ಸುರಿದ. ಬಿದಿರಿನ ಬುಟ್ಟಿಗಳ ಮೇಲೆ ಹತ್ತಿ ಮೆತ್ತಿ ಮನೆ ಕಟ್ಟಿದೆವು. ಬಿಸಿಲಲ್ಲಿ ಕಣ್ಣು ಕೋರೈಸುತ್ತಿತ್ತು. ಕುರಿ ಕಾಯುವವರ ಕಂಬಳಿ ಹೊದೆಸಿ ಒಂದು ಮಗುವನ್ನು ಬಾಗಿಲಲ್ಲಿ ಕೂರಿಸಿದೆವು. ಮಗುವಿನ ಮುಖದಿಂದ ಬೆವರು ಕೊಳಾಯಿಯ ಹಾಗೆ ಇಳಿಯುತ್ತಿತ್ತು.

ಅವನು ತಂದದ್ದು ಬೀಜ ತೆಗೆಯದ ಹತ್ತಿ ಎಂಬುದು ನಮಗೆ ಹೊಳೆದಿರಲಿಲ್ಲ. ಊರಿನ ಮೇಕೆಗಳಿಗೆ ಹೊಳೆದಿತ್ತು.

ನಮ್ಮ ಎಂಟು ದೇಶಗಳ ಹಬ್ಬದ ದಿನ ನಾಗಸ್ವರದವರು ಗೇಟಿನಲ್ಲಿ ಊದುತ್ತಿದ್ದರು. ನಾವೆಲ್ಲ ಇನ್‌ಸ್ಪೆಕ್ಟ್ರೆಸ್ ಅಮ್ಮನಿಗೆ ಹಾರ ಹಾಕಲು ಅಲ್ಲಿಗೆ ಓಡಿದ್ದೆವು. ಅವರನ್ನು ಕರೆದುಕೊಂಡು ಬರುವ ಹೊತ್ತಿಗೆ ಗ್ರೀನ್‌ಲ್ಯಾಂಡಿನಲ್ಲಿ ಬುಟ್ಟಿಗಳು ಮಾತ್ರ ಇದ್ದವು. ಎಸ್ಕಿಮೋ ಮಗು ಇಟ್ಟಲ್ಲೇ ಕೂತಿತ್ತು.

ಇನ್‌ಸ್ಪೆಕ್ಟ್ರೆಸ್ ಅಮ್ಮ ಬಗ್ಗಿ ಮುದ್ದಾಗಿ ಕೇಳಿದರು: “ಏನು ಪಾಪ, ನಿನ್ನ ಹಿಮದ ಮನೆ ಕರಗಿಹೋಯಿತಾ?”

“ಇಲ್ಲ ಮಿಸ್” ಎಂದಿತು ಮಗು. “ಮೇಕೆ ತಿಂದ್ಬಿಡ್ತು.”

ಇಟಲಿಯ ಊಟ

ಹೆಡ್‌ಮಿಸ್ಟ್ರೆಸ್ ಓದಿದ್ದ ಯಾವುದೋ ಪುಸ್ತಕದ ಪ್ರಕಾರ ಇಟಲಿಯವರು ಶಾವಿಗೆಯಂಥದ್ದರ ಮೇಲೆ ಟೊಮೇಟೊ ಗೊಜ್ಜು, ಅದರ ಮೇಲೆ ಗಟ್ಟಿ ಹಾಲಿನಂಥದ್ದೇನನ್ನೋ ಹಾಕಿಕೊಂಡು ತಿನ್ನುತ್ತಾರೆ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಅಜ್ಜಿ ಅದನ್ನು ಮಾಡಲು ಒಪ್ಪಿದರು. ಶಾವಿಗೆ, ಗೊಜ್ಜು ಸರಿಹೋದವು. ಮೂರನೆಯದು ಚೀಸ್, ಹಾಲು ಒಡೆಸಿ ಮಾಡುವುದು ಎಂದೆ.

ಅಜ್ಜಿ ಕೈಲಿದ್ದ ಶಾವಿಗೆ ಒತ್ತುವ ಒರಳನ್ನು ನೆಲಕ್ಕೆ ಕುಕ್ಕಿದರು. “ಒಡೆದ ಹಾಲನ್ನ ಮನೆಗ್ ಬಂದೋರಿಗೆ ಇಕ್ಕೋದಾ? ನಿನ್ನ ಓದಿಗಿಷ್ಟು! ನೀನ್ ಹೋಗು, ಆ ಗಟ್ಟಿ ಹಾಲು ನಾನ್ ನೋಡ್ಕೋತೀನಿ.”

ನೋಡಿಕೊಂಡರು. ಅದೇ ವಾರ ಅವರ ಹಸು ಕರು ಹಾಕಿತ್ತು. ಹಬ್ಬದ ದಿನ ಶಾವಿಗೆಯ ಮೇಲೆ ಖಾರದ ಟೊಮೇಟೊ ಗೊಜ್ಜು, ಅದರ ಮೇಲೆ ಬೆಲ್ಲ ಏಲಕ್ಕಿ ಹಾಕಿದ ಗಿಣ್ಣಿನ ದೊಡ್ಡದೊಂದು ತುಂಡು ಕೂತಿತ್ತು.

ಇನ್‌ಸ್ಪೆಕ್ಟ್ರೆಸ್ ಅಮ್ಮ ಲಂಡನ್ನಿನಿಂದ ಬರುವಾಗ ಇಟಲಿಯಲ್ಲೂ ಎರಡು ದಿನ ಇಳಿದವರು. ಒಂದು ತುತ್ತು ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. ಅವರ ಹುಬ್ಬು ಒಂದು ಮೇಲೆ ಹೋಯಿತು, ಇನ್ನೊಂದು ಕೆಳಗೇ ಉಳಿಯಿತು.

“ಇದು... ಇಟಲಿಯಲ್ಲಿ ಯಾವ ಕಡೆಯದು?”

“ತೇವಾರದ ದಾರೀಲಿ ತಾಯಿ” ಎಂದರು ಅಜ್ಜಿ. “ಕೆರೆ ದಾಟಿದ ಮೇಲೆ ಎಡಕ್ಕೆ, ನಮ್ ತೋಟದ ಹಸು.”

ಫ್ರಾನ್ಸಿಗೆ ಕಾವಲು

ಐದನೇ ಕ್ಲಾಸಿನವರು ದ್ರಾಕ್ಷಿ ರಸ ಇಟ್ಟಿದ್ದರು. ನಮ್ಮ ಕಣಿವೆಯ ದ್ರಾಕ್ಷಿ, ಬೆಳಿಗ್ಗೆ ಹಿಂಡಿದ್ದು, ಕಲ್ಮಶವಿಲ್ಲದ್ದು. ಆದರೆ ಫ್ರಾನ್ಸಿನವರು ಕುಡಿಯುವುದು ವೈನು ಎಂಬ ಸುದ್ದಿ ಹೇಗೋ ಸ್ಟೇಷನ್ ಮುಟ್ಟಿತ್ತು. ಪಾನನಿಷೇಧದ ರಾಜ್ಯ; ಹೆಡ್ ಕಾನ್‌ಸ್ಟೆಬಲ್ ಬೆಳಿಗ್ಗೆಯೇ ಬಂದು ಫ್ರಾನ್ಸಿನ ಪಕ್ಕ ನಿಂತ. ಒಂದು ಲೋಟ ಕುಡಿದು ‘ಇದರಲ್ಲಿ ತಪ್ಪಿಲ್ಲ’ ಎಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕುಡಿದ. ಮಧ್ಯಾಹ್ನಕ್ಕೆ ಹುಡುಗಿಯರ ಪಾತ್ರೆ ತಳ ಕಂಡಿತು.

“ಸಾರ್, ಮೊದಲನೇ ಲೋಟದಲ್ಲೇ ತಪ್ಪಿಲ್ಲ ಅಂದ್ರಲ್ಲ?” ಎಂದೆ.

“ಏನಮ್ಮ ಹಿಂಗ್ ಕೇಳ್ತೀರಿ?” ಎಂದು ಮೀಸೆ ಒರೆಸಿಕೊಂಡ. “ಮೊದಲನೇ ಲೋಟ ನಿರಪರಾಧಿ ಅಂತ ಮಿಕ್ಕಿದ್ದನ್ನೆಲ್ಲ ಬಿಡೋಕಾಗತ್ತಾ?”

ಇಂಗ್ಲೆಂಡಿನ ಮದುವೆ

ಎಂಟನೇ ಕ್ಲಾಸಿಗೆ ಇಂಗ್ಲೆಂಡು. ಊಟ ಸಾಕು, ಒಂದು ಆಚಾರ ತೋರಿಸೋಣ ಎಂದು ಅವರು ಆರಿಸಿಕೊಂಡದ್ದು ಮದುವೆ. ಲೆಕ್ಕದ ಹುಡುಗಿ ಮದುಮಗಳು. ಸೊಳ್ಳೆಪರದೆಯನ್ನು ತಲೆಯಿಂದ ಇಳಿಬಿಟ್ಟಿದ್ದಳು. ಮದುಮಗ ಕ್ಲಾಸಿಗೇ ಎತ್ತರದ ಹುಡುಗಿ. ವೇದಸಂದೂರಿನವಳು, ನಮ್ಮೂರಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವವಳು. ಪೋಸ್ಟ್‌ಮಾಸ್ಟರ ಕೋಟು, ಕಾಡಿಗೆಯ ಮೀಸೆ. ಪಾದ್ರಿಯಾಗಿದ್ದವಳು ನಾನು ಬರೆದುಕೊಟ್ಟ ಇಂಗ್ಲಿಷ್ ಪ್ರಶ್ನೆ ಕೇಳುವುದು, ಇವರಿಬ್ಬರು ‘ಐ ವಿಲ್’ ಅನ್ನುವುದು, ಉಂಗುರ ತೊಡಿಸುವುದು. ಇಷ್ಟೇ.

ಆದರೆ ಅಂದು ಊರೇ ಬಂದು ಕೂತಿತ್ತು. ಉಂಗುರ ಬೆರಳಿಗೆ ಇಳಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಊರ ಹಿರಿಯರು, ಎಲ್ಲರೂ ದೊಡ್ಡಯ್ಯ ಅನ್ನುವವರು, ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲು ಕೈಯೆತ್ತಿದರು. ಇಷ್ಟು ವರ್ಷ ಊರಿನ ಪ್ರತಿ ಮುಹೂರ್ತಕ್ಕೂ ಅದೇ ಕೈಯನ್ನು ಕಾದುಕೊಂಡು ಕೂತಿದ್ದ ಡೋಲಿನವನು ಇನ್ನೇನು ಮಾಡಬೇಕು? ಗಟ್ಟಿಮೇಳ ಬಾರಿಸಿಯೇಬಿಟ್ಟ. ನಾಗಸ್ವರ ಎದ್ದಿತು. ಹೆಂಗಸರು ಎದ್ದರು. ಪಕ್ಕದಲ್ಲಿ ಎರಡನೇ ಕ್ಲಾಸಿನ ಬರ್ಮಾದವರು ಪ್ರದರ್ಶನಕ್ಕೆ ಇಟ್ಟಿದ್ದ ಅಕ್ಕಿಯೆಲ್ಲ ಅಕ್ಷತೆಯಾಗಿ ಮದುಮಕ್ಕಳ ಮೇಲೆ ಬಿತ್ತು. ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕುಲವೆಯ ಕೂಗು ಬೆಟ್ಟ ಮುಟ್ಟಿತು. ಮದುಮಗಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಳ ನಿಂತ ಮೇಲೆ ಒಂದೇ ಒಂದು ಗಂಟಲು ಕೇಳಿತು. ತೇವಾರದ ಸೋದರಮಾವನದು.

“ಏನಿದು ಅನ್ಯಾಯ! ಹಕ್ಕಿರೋ ಮಾವ ನಾನು ಗುಂಡುಕಲ್ಲಿನ ಹಾಗೆ ಇಲ್ಲಿ ನಿಂತಿದೀನಿ. ನನ್ನ ಒಂದ್ ಮಾತು ಕೇಳ್ದೆ ಬೇರೆಯೋನಿಗೆ ಕೊಡೋದಾ?”

“ಅಯ್ಯೋ, ಇದು ನಾಟಕ ಕಣಪ್ಪ” ಎಂದೆ.

“ಗಟ್ಟಿಮೇಳ ನಾಟಕನಾ ಅಕ್ಕ? ಅಕ್ಷತೆ ನಾಟಕನಾ? ನಾನೇ ಎರಡು ಹಿಡಿ ಹಾಕ್ಬಿಟ್ಟೆ!”

ದೊಡ್ಡಯ್ಯ ಪಂಚಾಯಿತಿ ಕೂತರು. ಬೇರೆ ಜಾಗವಿರಲಿಲ್ಲ, ಜರ್ಮನಿಯ ಬೆಂಚಿನ ಮೇಲೆಯೇ ಕೂತರು. ಗಿಣ್ಣಿನ ಅಜ್ಜಿ ಮೊದಲು ಎದ್ದರು. “ಮೇಳ ಆಯ್ತು, ಅಕ್ಷತೆ ಬಿತ್ತು, ಕುಲವೆ ಹಾಕಾಯ್ತು. ಮದುವೇಗೆ ಇನ್ನೇನ್ ಬಾಕಿ?”

“ಗಂಡು ಬಾಕಿ” ಎಂದ ಸೋದರಮಾವ.

ಜನ ನಕ್ಕರು. ದೊಡ್ಡಯ್ಯ ನಗಲಿಲ್ಲ. ಅವರ ಕೈಯ ಸನ್ನೆಗೆ ಬಾರಿಸಿದ ಮೇಳ ಸುಳ್ಳಾದರೆ ಆ ಕೈಗೆ ಇನ್ನು ಬೆಲೆಯೇನು? ಮದುಮಗಳನ್ನು ಕರೆದರು. “ನೀನು ಏನ್ ಅಂದೆ ತಾಯಿ?”

“‘ಐ ವಿಲ್’ ಅಂದೆ ತಾತ. ಒಪ್ಪಿದೀನಿ ಅಂತ.”

“ಯಾರಾದ್ರೂ ಬಲವಂತ ಮಾಡಿದ್ರಾ?”

ಹುಡುಗಿ ಸೊಳ್ಳೆಪರದೆಯ ಒಳಗಿಂದ ಮಾವನನ್ನು ಒಮ್ಮೆ ನೋಡಿದಳು, ಕಾಡಿಗೆ ಮೀಸೆಯ ಮದುಮಗನನ್ನು ಒಮ್ಮೆ ನೋಡಿದಳು. ಲೆಕ್ಕ ಹಾಕಿದಳೆಂದು ಕಾಣುತ್ತದೆ. “ಇಲ್ಲ ತಾತ. ಮನಸಾರೆ ಅಂದೆ.”

ಅಷ್ಟರಲ್ಲಿ ನಾನು ಇನ್‌ಸ್ಪೆಕ್ಟ್ರೆಸ್ ಅಮ್ಮನ ಕಿವಿಯಲ್ಲಿ ವೈಕಾಶಿಯ ಮುಹೂರ್ತ, ತೇನಿಯ ಬಸ್ಸು, ಎಲ್ಲವನ್ನೂ ಊದಿದ್ದೆ. ದೊಡ್ಡಯ್ಯ ಅವರ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು: “ಅಮ್ಮ, ನೀವು ಆ ದೇಶದಲ್ಲಿ ಇದ್ದು ಬಂದೋರು. ಅಲ್ಲಿ ಇದು ಮದುವೆ ಅಂತ ಸಲ್ಲತ್ತಾ?”

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಸಲ್ಲುತ್ತೆ. ಸಾಕ್ಷಿಗಳ ಮುಂದೆ ಒಂದು ಸಲ ಮಾತು ಕೊಟ್ಟರೆ ಅಲ್ಲಿ ಸುಲಭಕ್ಕೆ ಬಿಡೋದಿಲ್ಲ. ಬಿಡಿಸಿಕೊಳ್ಳೋಕೆ ಮೂರು ವರ್ಷ ಆದ್ರೂ ಹಿಡಿಯುತ್ತೆ.”

“ಆಯ್ತು” ಎಂದರು ದೊಡ್ಡಯ್ಯ. ಅವರ ಕೈ ಉಳಿಯಿತು. “ಮೂರು ವರ್ಷ ಈ ಹುಡುಗಿಗೆ ಬೇರೆ ಮದುವೆ ಮಾತು ಎತ್ತೋ ಹಾಗಿಲ್ಲ.”

ಸೋದರಮಾವ ತಲೆಗೆ ಸುತ್ತಿದ್ದ ಟವೆಲ್ಲನ್ನು ನೆಲಕ್ಕೆ ಹೊಡೆದ. “ಮೂರು ವರ್ಷ ಅವಳು ಮನೇಲಿ ಕೂತು ಏನ್ ಮಾಡ್ಬೇಕು?”

“ಯಾಕೆ ಕೂರ್ಬೇಕು?” ಎಂದರು ಇನ್‌ಸ್ಪೆಕ್ಟ್ರೆಸ್ ಅಮ್ಮ. “ಒಂಬತ್ತು, ಹತ್ತು, ಹನ್ನೊಂದು. ಮೂರೂ ಇಲ್ಲೇ ಬರುತ್ತೆ, ನಾನು ಬರೀತೀನಿ. ಗಂಡ ಹೆಂಡತಿ ಇಬ್ಬರೂ ಒಂದೇ ಬೆಂಚಲ್ಲಿ ಕೂತು ಓದ್ಲಿ.”

ಜೂನಿನಲ್ಲಿ ಒಂಬತ್ತನೇ ಕ್ಲಾಸು ಶುರುವಾಯಿತು. ಗಂಡ ತನ್ನ ಹೆಂಡತಿಯ ಲೆಕ್ಕ ನೋಡಿ ಬರೆಯುವುದೂ ಶುರುವಾಯಿತು.

ವಿಚಾರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಐಪ್ಪಸಿ ತಿಂಗಳು ಬಂತು, ದೀಪಾವಳಿ ಬಂತು. ಮದುವೆಯಾದ ವರ್ಷದ ಮೊದಲ ದೀಪಾವಳಿಗೆ ಅಳಿಯನನ್ನು, ತಮಿಳಿನ ಮಾಪಿಳ್ಳೆಯನ್ನು, ಹೆಣ್ಣಿನ ಮನೆಗೆ ಕರೆದು ಎಣ್ಣೆ ನೀರು ಹಾಕಿ ಹೊಸ ಪಂಚೆ ಕೊಡುವುದು ನಮ್ಮ ಕಡೆಯ ತಪ್ಪದ ಪದ್ಧತಿ. ಮದುಮಗನ ಅಜ್ಜಿ ಹೋಗಿ ಹೆಣ್ಣಿನ ಮನೆಯ ಬಾಗಿಲಲ್ಲಿ ನಿಂತರು. “ಏನಮ್ಮ ಸಂಬಂಧಿ, ನಿಮ್ ಅಳಿಯನ್ನ ಕರೆಯಲ್ವಾ? ಊರಲ್ಲಿ ನಾಲ್ಕು ಜನ ಏನಂದಾರು?” ದೊಡ್ಡಯ್ಯನ ತೀರ್ಪು ಇನ್ನೂ ಜಾರಿಯಲ್ಲಿದೆ, ಹೆಣ್ಣಿನ ತಾಯಿ ಇಲ್ಲವೆನ್ನುವುದು ಹೇಗೆ? ಕರೆದರು. ಅಳಿಯ ಎರಡು ಜಡೆಗೂ ಕನಕಾಂಬರ ಮುಡಿದುಕೊಂಡು ಬಂದಳು.

ಅಳಿಯನಿಗೆ ಪಂಚೆ ತರಬೇಕಾದವನು ಹೆಣ್ಣಿನ ಸೋದರಮಾವ. ಅದೂ ತಪ್ಪದ ಪದ್ಧತಿ. ತೇವಾರದಿಂದ ಬಸ್ಸಿನಲ್ಲಿ ಬಂದ. ದೊಡ್ಡ ಜರಿಯಂಚಿನ ಒಳ್ಳೆಯ ಪಂಚೆಯನ್ನೇ ತಂದಿದ್ದ. ತಾಂಬೂಲದ ತಟ್ಟೆಯಲ್ಲಿಟ್ಟು, ಮುಖ ಆ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ನೀಡಿದ.

ಅಳಿಯ ಪಂಚೆ ಬಿಚ್ಚಿ ಅಂಚು ನೋಡಿದಳು, ಸೊಂಟಕ್ಕೆ ಹಿಡಿದು ಉದ್ದ ನೋಡಿದಳು. “ಮಾವ, ಇದನ್ನ ಲಂಗ ಹೊಲಿಸ್ಕೊಳ್ಳಲಾ?”

ಸೋದರಮಾವ ದೊಡ್ಡದೊಂದು ಉಸಿರು ಬಿಟ್ಟು, ಮನೆಯ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಯಲ್ಲೇ ಹೇಳಿದ:

“ನಿಮ್ಮಿಷ್ಟ ಮಾಪಿಳ್ಳೆ.”