ಎರವಲು ಕೊಟ್ಟ ವಿಳಾಸ

ಬದರಿನಾಥನ ಕೇಡುಗಾಲ ಬೆಳಗಿನ ಏಳು ಗಂಟೆಗೆ ಸೈಕಲ್ ಏರಿ ಬಂತು. ಕ್ಷಯ ಚಿಕಿತ್ಸಾಲಯದ ನರ್ಸ್ ಜಲಜಾಕ್ಷಿ ಅವನ ಮನೆಯ ಗೇಟಿನ ಮುಂದೆ ಇಳಿದವಳೇ ಮದ್ರಾಸಿನ ಟಿ. ನಗರದ ಆ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಟಿ.ಬಿ. ಪೇಷಂಟ್ ಮುನುಸಾಮಿ ಇರೋದು ಇಲ್ಲೇನಾ? ಮೂರು ದಿನದಿಂದ ಮಾತ್ರೆಗೆ ಬಂದಿಲ್ಲ!"

ಮುನುಸಾಮಿ ಇದ್ದದ್ದು ಬಸ್ ಸ್ಟಾಪಿನ ಪಕ್ಕದ ಫುಟ್‌ಪಾತಿನಲ್ಲಿ. ಒಂಬತ್ತು ತಿಂಗಳ ಹಿಂದೆ ಅವನ ಕೆಮ್ಮು ಕೇಳಲಾರದೆ, ವಿಮಾ ಕಚೇರಿಯ ಗುಮಾಸ್ತ ಬದರಿನಾಥನೇ ಅವನನ್ನು ಚಿಕಿತ್ಸಾಲಯಕ್ಕೆ ಕರೆದೊಯ್ದಿದ್ದ. ವಿಳಾಸವಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಮಾತ್ರೆಯಿಲ್ಲ ಎಂದರು ಅಲ್ಲಿಯವರು. ಬದರಿನಾಥ ತಾನು ಬಾಡಿಗೆಗಿದ್ದ ಮನೆಯ ನಂಬರನ್ನೇ ಬರೆಸಿಬಿಟ್ಟ. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

ಮನೆಯೊಡತಿ ಅಂಬುಜಮ್ಮ ಹೊರಗೆ ಬಂದು ಕಾರ್ಡು ನೋಡಿದರು. "ನಮ್ಮನೇಲಿ ಮುನುಸಾಮಿ ಅಂತ ಯಾರೂ ಇಲ್ವಲ್ಲ!"

"ಕಳ್ಳ ಹೆಸರು ಕೊಟ್ಟಿರ್ತಾನೆ ಕಣ್ರೀ," ಎಂದರು ಎದುರು ಪೋರ್ಷನ್ನಿನ ರಮಾಬಾಯಿ, ಗದ್ದಲ ಕೇಳಿ ಹೊರಬಂದ ಬದರಿನಾಥನತ್ತ ಬೆರಳು ತೋರಿಸಿ. "ಒಣಗಿದ ನುಗ್ಗೆಕಾಯಿ ಹಾಗಿದಾನೆ, ನೋಡಿ. ಕಾಯಿಲೆ ಇವನಿಗೇ!"

ಬದರಿನಾಥ ವಿವರಿಸಲು ಬಾಯಿ ತೆರೆದ. ಗಾಬರಿಯಲ್ಲಿ ಮಾತಿನ ಬದಲು ಕೆಮ್ಮು ಬಂತು. ಹೆಂಗಸರಿಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಸಾಯಂಕಾಲದೊಳಗೆ ಆ ಮುನುಸಾಮೀನ ನನ್ನ ಕಣ್ಮುಂದೆ ನಿಲ್ಲಿಸು," ಎಂದರು ಅಂಬುಜಮ್ಮ. "ಇಲ್ದಿದ್ರೆ ಪೋರ್ಷನ್ ಖಾಲಿ ಮಾಡು."

ಮದ್ರಾಸಿನಲ್ಲಿ ಇನ್ನೊಂದು ಮನೆ ಹುಡುಕುವುದನ್ನು ನೆನೆದೇ ಬದರಿನಾಥನಿಗೆ ಜ್ವರ ಬಂದಂತಾಯಿತು. ಕಚೇರಿಗೆ ರಜಾ ಹಾಕಿ ಓಡಿದ. ಫುಟ್‌ಪಾತಿನಲ್ಲಿ ಮುನುಸಾಮಿಯ ಗೋಣಿತಾಟು ಮಾತ್ರ ಇತ್ತು. "ಕೋಡಂಬಾಕ್ಕಂ ಪೋಯಿಟ್ಟಾನ್, ಸಿನಿಮಾ ಶೂಟಿಂಗು," ಎಂದಳು ಹೂವಿನವಳು. ಕೋಡಂಬಾಕ್ಕಂಗೆ ಹೋಗುವ ಬಸ್ಸಿನ ನೂಕಾಟದಲ್ಲಿ ಅಂಗಿ ಹರಿಯಿತು, ಚಪ್ಪಲಿ ಕಳೆಯಿತು. ಮೇ ತಿಂಗಳ ಡಾಂಬರಿನ ಮೇಲೆ ಕುಣಿಯುತ್ತಾ ಸ್ಟುಡಿಯೋ ತಲುಪಿದ.

ಗೇಟಿನವನು ಅವನನ್ನು ಮೇಲಿಂದ ಕೆಳಗೆ ನೋಡಿ, "ಭಿಕ್ಷುಕರ ಸಾಲು ಆ ಕಡೆ," ಎಂದ. ಒಳಗೆ ಹೋಗಲು ಬೇರೆ ದಾರಿಯಿರಲಿಲ್ಲ. ಸಾಲಿನಲ್ಲಿ ನಿಂತ. ಯಾರೋ ಬಂದು ಮುಖಕ್ಕೆ ಮಸಿ ಬಳಿದು, "ಭೇಷ್, ಹುಟ್ಟು ಭಿಕ್ಷುಕ!" ಎಂದು ಹೊಗಳಿ ಹೋದರು. ಬದರಿನಾಥನಿಗೆ ಅಳುವೇ ಬಂತು.

ಆಗ ಕಂಡ ಮುನುಸಾಮಿ. ರೇಷ್ಮೆ ಜುಬ್ಬ, ಜರಿ ಶಲ್ಯ, ಬೆರಳಿಗೆ ಗಾಜಿನ ಉಂಗುರ.

"ನಾನೂ ಭಿಕ್ಷುಕನ ವೇಷಕ್ಕೇ ಬಂದೆ ಸಾರ್," ಎಂದ ನಾಚಿಕೊಂಡು. "ಮಾತ್ರೆ ತಿಂದು ಮೈ ತುಂಬ್ಕೊಂಡಿದೆ ಅಂತ ಜಮೀನ್ದಾರನ್ನ ಮಾಡ್ಬಿಟ್ರು. ಮೂರು ದಿನದಿಂದ ಮದುವೆ ಸೀನು."

ಬದರಿನಾಥನ ಕಷ್ಟ ಕೇಳಿದ್ದೇ ತಡ, ವೇಷ ಕಳಚಲೂ ನಿಲ್ಲದೆ ಹೊರಟುಬಂದ. ಅಂಥ ಕೃತಜ್ಞತೆ ಅವನದು.

ಸಂಜೆ ಅಂಬುಜಮ್ಮ ಬಾಗಿಲಲ್ಲೇ ಕಾದಿದ್ದರು. ಮಸಿ ಮುಖದವನನ್ನೂ ಜರಿ ಶಲ್ಯದವನನ್ನೂ ಎರಡೆರಡು ಸಲ ನೋಡಿದರು.

"ಇವನೇ ಮುನುಸಾಮಿ. ಕಾಯಿಲೆ ಇವನಿಗೇ," ಎಂದ ಬದರಿನಾಥ.

"ಆಮಾಮ್ಮಾ, ಹೌದು, ನಾನೇ ಆ ರೋಗಿ," ಎಂದು ಮುನುಸಾಮಿ ಕೈಮುಗಿದ. "ಸಾರ್ ದೇವರಂಥವರು. ಅವರ ಮೇಲೆ ತಪ್ಪು ಹೊರಿಸ್ಬೇಡಿ."

ಅಂಬುಜಮ್ಮನ ಕಣ್ಣು ತುಂಬಿತು. "ನೋಡಿದ್ರಾ ರಮಾಬಾಯಿ, ಇವನ ರೋಗಾನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದಾರೆ! ಎಂಥ ದೊಡ್ಡ ಮನುಷ್ಯರು!" ಬದರಿನಾಥನ ಕಡೆ ತಿರುಗಿ, "ನಾಳೇನೇ ಖಾಲಿ ಮಾಡು," ಎಂದರು.

ಆಮೇಲೆ ಸೆರಗಿನಿಂದ ಕುರ್ಚಿ ಒರೆಸಿ ಅತಿಥಿಯನ್ನು ಕೂರಿಸಿದರು. ರಮಾಬಾಯಿ ಕಾಪಿ ತಂದರು.

"ತಮ್ಮಂಥೋರು ಈ ಪೋರ್ಷನ್ನಿಗೆ ಬಂದ್ರೆ ನಮ್ಮ ಪುಣ್ಯ ಸ್ವಾಮಿ. ಈಗ ತಾವು ಇರೋದೆಲ್ಲಿ?"

ಮುನುಸಾಮಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಸ್ವಲ್ಪ ಯೋಚಿಸಿದ.

"ಕಾರ್ಡ್ ಪ್ರಕಾರ ಇಲ್ಲೇಮ್ಮಾ."