ಒದೆಯದ ರೈಫಲ್

ವಿಲ್ಬರ್ಟ್ ನಿಸ್ಕಾನಿಗೆ ರೈಫಲ್ ಕಂಡರೆ ಭಯ. ಐವತ್ತೊಂದು ವರ್ಷದ ಬಾಳಿನಲ್ಲಿ ಅವನು ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಮಿಷಿಗನ್ನಿನ ಉತ್ತರದ ತುದಿಯಲ್ಲಿರುವ ಟಪೋಲಾದಂಥ ಊರಿನಲ್ಲಿ ಅದನ್ನು ಹೇಳುವಷ್ಟು ಧೈರ್ಯ ಇರುವವನು ರೈಫಲ್ಲಿಗೆ ಹೆದರುವವನೇ ಆಗಿರುವುದಿಲ್ಲ. ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾದರೆ ಅಲ್ಲಿ ಶಾಲೆಗೆ ರಜೆ, ಕ್ಷೌರದಂಗಡಿಗೆ ಬೀಗ. ಆ ದಿನ ಬೀದಿಯಲ್ಲಿ ಕಾಣಿಸಿಕೊಂಡ ಗಂಡಸನ್ನು ಜನ ನಿಲ್ಲಿಸಿ, "ಯಾಕೆ, ಮೈ ಹುಷಾರಿಲ್ವಾ?" ಎಂದು ವಿಚಾರಿಸುತ್ತಾರೆ.

ಹಾಗಾಗಿ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿಕೊಂಡು ಬದುಕಿದ್ದ ಈ ಸಾಧುಪ್ರಾಣಿ ಪ್ರತಿವರ್ಷವೂ ಮಾವನ ರೈಫಲ್ ಹೊತ್ತುಕೊಂಡು ಕಾಡಿಗೆ ಹೋಗುತ್ತಿದ್ದ. ಬೇಟೆಗಾರರು ಅಡಗಿ ಕೂರಲು ಹಲಗೆ ಬಡಿದು ಕಟ್ಟಿದ ಮರಸಿನಲ್ಲಿ ಕೂತು, ಒಂದು ಜಿಂಕೆಯೂ ಈ ಕಡೆ ಸುಳಿಯದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದ. ದೇವರು ದಯಾಮಯ, ಬಹುಪಾಲು ಕೇಳಿಸಿಕೊಳ್ಳುತ್ತಿದ್ದ. ಮೂರು ವರ್ಷದ ಹಿಂದೆ ಮಾತ್ರ ಕೇಳಿಸಿಕೊಳ್ಳಲಿಲ್ಲ. ವಿಲ್ಬರ್ಟ್ ಒಂದು ಈಡು ಹೊಡೆದ. ಜಿಂಕೆಗೆ ಏನೂ ಆಗಲಿಲ್ಲ. ಆದದ್ದೆಲ್ಲ ವಿಲ್ಬರ್ಟನಿಗೆ. ರೈಫಲ್ ಹಿಂದಕ್ಕೆ ಒದ್ದ ಒದೆತಕ್ಕೆ ಅವನ ಭುಜ ಮೊದಲು ನೇರಳೆಯಾಗಿ, ಆಮೇಲೆ ಹಳದಿಯಾಗಿ, ಕ್ರಿಸ್ಮಸ್ ಹೊತ್ತಿಗೆ ಹಸಿರಾಯಿತು. "ಹಬ್ಬಕ್ಕೆ ಬೇರೆ ಅಲಂಕಾರ ಬೇಡ" ಎಂದಳು ಹೆಂಡತಿ ಮಾರ್ಲಿಸ್.

ಈ ಸಲ ಮಾವ ಟಾವ್ನೋ ಭಾನುವಾರದ ಊಟದಲ್ಲಿ ಘೋಷಿಸಿದರು. ಎಂಬತ್ತೊಂದರ ಮುದುಕ, ಮಾತು ಕಡಿಮೆ, ಕಿವಿ ಅದಕ್ಕಿಂತ ಕಡಿಮೆ.

"ವಿಲ್ಬರ್ಟ್, ನನ್ ರೈಫಲ್ ಇನ್ನು ಕೊಡಲ್ಲ. ನಿಂದೇ ಒಂದು ತಗೋ."

ವಿಲ್ಬರ್ಟನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ನನ್ನದೇ ಆದರೆ ಒದೆಯದಂಥದ್ದನ್ನು ನೋಡಿ ತರಬಹುದಲ್ಲ.

ಟಪೋಲಾದಲ್ಲಿ ರೈಫಲ್ ಸಿಗುವುದು ಲವರ್ನಳ ಅಂಗಡಿಯಲ್ಲಿ. ಮುಂದೆ ಮೊಳೆ, ಬಣ್ಣ, ಹಿಮ ಬಾಚುವ ಸಲಿಕೆ. ಹಿಂದೆ ಗೋಡೆಯ ಉದ್ದಕ್ಕೂ ರೈಫಲ್‌ಗಳು. ಅವುಗಳ ಎದುರಿಗೆ ಒಂದು ಕಾಫಿ ಮೇಜು. ಬೇಟೆಯ ವಿಷಯದಲ್ಲಿ ಆ ಮೇಜಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಮರದ ದಿಮ್ಮಿ ಸಾಗಿಸುವ ಲಾರಿಯ ಗಾರ್ಡಿ, ಐವತ್ತೆಂಟು ಬೇಟೆ ಕಂಡ ಐನಾರ್ ಪೆಲ್ಟೊ, ಜೊತೆಗೆ ಮಾವ ಟಾವ್ನೋ, ಮೂವರು ಅಲ್ಲಿಯ ಕಾಯಂ ನ್ಯಾಯಮೂರ್ತಿಗಳು.

"ಒಂದು ರೈಫಲ್ ಬೇಕಿತ್ತು. ಈಡು ಹೊಡೆದ ಮೇಲೆ ಬೋಲ್ಟ್ ಎಳೆದು ತೋಟಾ ಹೊರಗೆ ಹಾಕೋ ಥರದ್ದು. ಕೈಗೆಟುಕೋ ಬೆಲೇದು" ಎಂದ ವಿಲ್ಬರ್ಟ್.

ಅಷ್ಟು ಸಾಕಾಯಿತು.

"ಈಗಿನ ಅಗ್ಗದ್ದನ್ನ ಅಗ್ಗ ಅನ್ಬೇಡ" ಎಂದು ಗಾರ್ಡಿ ಶುರುಮಾಡಿದ. "ನಾನೂರು ಡಾಲರಿಂದು ಎರಡು ಸಾವಿರದ್ದಕ್ಕೆ ಸಮಸಮ ಹೊಡಿಯತ್ತೆ. ಜಿಂಕೆ ಏನು ರಸೀದಿ ತೋರ್ಸು ಅನ್ನತ್ತಾ?"

"ಅದರ ಹಿಡಿ ಪ್ಲಾಸ್ಟಿಕ್" ಎಂದರು ಟಾವ್ನೋ. "ಪ್ಲಾಸ್ಟಿಕ್ ಇರೋದು ಬಕೀಟಿಗೆ."

"ಪ್ಲಾಸ್ಟಿಕ್ ಆದ್ರೆ ಮರದ ಥರ ಮಳೆಗೆ ಉಬ್ಬಲ್ಲ ಟಾವ್ನೋ."

"ಏನು?"

"ಉಬ್ಬಲ್ಲ ಅಂದೆ."

"ಬಕೀಟೂ ಉಬ್ಬಲ್ಲ."

ಲವರ್ನ್ ಕಾಫಿ ಬಗ್ಗಿಸುತ್ತಾ, ಕೆಳಸಾಲಿನದರಲ್ಲಿ ಗುಂಡು ಹಾರಿಸಲು ಬೆರಳಿಂದ ಒತ್ತುವ ಕುದುರೆ ಹಗುರ, ಆದರೆ ತೋಟಾ ತುಂಬುವ ಡಬ್ಬಿ ಸ್ವಲ್ಪ ನಾಜೂಕು ಎಂದಳು. ಐನಾರ್ ಮಾತ್ರ ಆಸೆಯಿಂದ ಗೋಡೆ ನೋಡುತ್ತಾ ಕೂತಿದ್ದರು. ಮೇ ತಿಂಗಳಲ್ಲಿ ಅವರ ಬಲಭುಜದ ಕೀಲು ತೆಗೆದು ಲೋಹದ ಕೀಲು ಕೂರಿಸಿದ್ದರು. ಈ ವರ್ಷ ರೈಫಲ್ ಮುಟ್ಟಕೂಡದು ಎಂದು ಡಾಕ್ಟರು ಆಣೆ ಹಾಕಿಸಿಕೊಂಡಿದ್ದರು.

ಒದೆತದ ಸುದ್ದಿ ಮಾತ್ರ ಯಾರೂ ಎತ್ತಲೊಲ್ಲರು. ವಿಲ್ಬರ್ಟ್ ಗಂಟಲು ಸರಿಮಾಡಿಕೊಂಡ.

"ಅದು... ಹಿಂದಕ್ಕೆ ಹೇಗೆ?"

"ಹಿಂದಕ್ಕೆ ಅಂದ್ರೆ?"

"ಭುಜದ ಕಡೆಗೆ. ನನಗಲ್ಲ, ಸುಮ್ನೆ ಕೇಳ್ದೆ."

ಗಾರ್ಡಿ ಕನಿಕರದಿಂದ ನೋಡಿದ. "ಕೊಂಬಿನ ಜಿಂಕೆ ಎದುರಿಗೆ ನಿಂತಾಗ ಒದೆತ ಯಾರಿಗೆ ಗೊತ್ತಾಗತ್ತೆ ಮಾರಾಯ?"

ವಿಲ್ಬರ್ಟ್ ಒಂದೊಂದನ್ನೇ ಎತ್ತಿ ನೋಡಿ, ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಿದ. ಹಗುರದ್ದು ಹಗುರವಾಗಿ ಒದೆಯುತ್ತದೆ ಎಂಬುದು ಅವನ ಲೆಕ್ಕಾಚಾರ. (ಸತ್ಯ ಇದಕ್ಕೆ ತದ್ವಿರುದ್ಧ. ಇಂಜಿನ್ ಬಿಚ್ಚಿ ಜೋಡಿಸುವವನಿಗೆ ಇದು ತಿಳಿಯಬೇಕಿತ್ತು. ಆದರೆ ಭಯಕ್ಕೆ ಭೌತಶಾಸ್ತ್ರ ಬರುವುದಿಲ್ಲ.)

ಗುರಿ ಸರಿಮಾಡಿಕೊಳ್ಳಲು ಊರಾಚೆಯ ಜಲ್ಲಿಗುಂಡಿಗೆ ಹೋದ. ಅಲ್ಲಿ ಪಿಕಪ್ಪಿನಲ್ಲಿ ಹೀಟರ್ ಹಾಕಿಕೊಂಡು ಒಂದು ಗಂಟೆ ಕೂತ. ರೈಫಲ್ ಪಕ್ಕದ ಸೀಟಿನಲ್ಲಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಮನೆಗೆ ಬಂದಾಗ ಮಾರ್ಲಿಸ್, "ಹೇಗಿತ್ತು?" ಎಂದಳು. "ಚೆನ್ನಾಗಿತ್ತು" ಎಂದ. (ಹೀಟರ್ ನಿಜಕ್ಕೂ ಚೆನ್ನಾಗಿತ್ತು.)

ಹದಿನೈದನೇ ತಾರೀಕು ಬೆಳಕು ಹರಿಯುವಾಗ ಅವನು ಮರಸಿನಲ್ಲಿದ್ದ. ಸುತ್ತ ಕಾಡೆಲ್ಲ ಜೋಳ ಹುರಿದ ಹಾಗೆ ಢಂ ಢಂ ಎನ್ನುತ್ತಿತ್ತು. ಪ್ರತಿ ಸದ್ದಿಗೂ ವಿಲ್ಬರ್ಟ್ ಬೆಂಚಿನ ಮೇಲೆ ಒಂದು ಅಂಗುಲ ಎದ್ದು ಕೂರುತ್ತಿದ್ದ. ದೇವರೇ, ಈ ವರ್ಷವೂ ಬೇಡ ಎನ್ನುವಷ್ಟರಲ್ಲಿ ಬರ್ಚ್ ಮರಗಳ ನಡುವಿನಿಂದ ಒಂದು ಜಿಂಕೆ ಬಂದು ನಿಂತಿತು. ತಲೆಯ ಮೇಲೆ ಹತ್ತು ಕವಲಿನ ಕೊಂಬು. ಅದು ನೇರವಾಗಿ ಅವನನ್ನೇ ನೋಡಿತು.

ವಿಲ್ಬರ್ಟನ ಬಾಯಿ ಒಣಗಿತು. ಎದೆಯ ಬಡಿತ ಜಿಂಕೆಗೆ ಕೇಳಿಸುತ್ತದೆ ಎಂದೇ ಅವನಿಗೆ ಅನ್ನಿಸಿತು. ರೈಫಲ್ ಭುಜಕ್ಕೆ ಬಂತು, ಹೇಗೆ ಬಂತೋ ಗೊತ್ತಿಲ್ಲ. ಬೋಲ್ಟ್ ಎಳೆದ, ನೂಕಿದ. ಎಳೆದ, ನೂಕಿದ. ನಾಲ್ಕು ತೋಟಾ ಮುಗಿದವು. ಜಿಂಕೆ ಒಂದು ಕಿವಿ ಅಲ್ಲಾಡಿಸಿ, ಬೇಸರ ಬಂದವರ ಹಾಗೆ ನಡೆದು ಹೋಯಿತು.

ವಿಲ್ಬರ್ಟ್ ಭುಜ ಮುಟ್ಟಿಕೊಂಡ. ನೋವಿಲ್ಲ. ಒತ್ತಿ ನೋಡಿದ. ಏನೂ ಇಲ್ಲ. ಕಿವಿಯೂ ಗುಂಯ್‌ಗುಡುತ್ತಿಲ್ಲ. ನಾಲ್ಕು ಈಡು ಹೊಡೆದು ತಾನು ಇಡಿಯಾಗಿ ಉಳಿದಿದ್ದೇನೆ. ಅವನ ಕಣ್ಣಲ್ಲಿ ನೀರು ಬಂತು. ಹೊರಗೆ ಹೋಗಿ ಹಿಮದ ಮೇಲೆ ರಕ್ತ ಹುಡುಕಿದ, ಒಂದು ಹನಿಯೂ ಇರಲಿಲ್ಲ. ಅದೂ ಒಂದು ಸಮಾಧಾನವೇ.

ಮಧ್ಯಾಹ್ನ ಕಾಫಿ ಮೇಜಿಗೆ ಹೋದವನು ಹೊಸ ವಿಲ್ಬರ್ಟ್.

"ನಾಲ್ಕು ಈಡು, ನಾಲ್ಕೂ ತಪ್ತು. ಗುರಿ ನಂದು, ತಪ್ಪೂ ನಂದೇ. ಆದ್ರೆ ರೈಫಲ್ ಬಗ್ಗೆ ಒಂದ್ ಮಾತು ಹೇಳ್ಬೇಕು. ಒದೆಯೋದೇ ಇಲ್ಲ."

"ಕಡಿಮೆ ಒದೆಯತ್ತೆ ಅನ್ನು" ಎಂದ ಗಾರ್ಡಿ.

"ಕಡಿಮೆ ಅಲ್ಲ. ಇಲ್ವೇ ಇಲ್ಲ. ಮಗು ಕೈಯಿಟ್ಟ ಹಾಗೆ. ಸದ್ದೂ ಅಂಥಾದ್ದೇನಿಲ್ಲ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮೇಜು ವಿಲ್ಬರ್ಟನ ಮಾತಿಗೆ ಕಿವಿಗೊಟ್ಟಿತು. ಸಿಕ್ಕ ಅವಕಾಶ ಬಿಡಬಾರದೆಂದು ಅವನು ಹೊಸ ಕಾಲದ ಉಕ್ಕು, ಒತ್ತಡ, ಸಮತೋಲನ ಎಂದು ಕಾಲು ಗಂಟೆ ಪ್ರವಚನ ಮಾಡಿದ. ಮುಗಿಯುವಷ್ಟರಲ್ಲಿ ಐನಾರ್ ಎದ್ದು ನಿಂತಿದ್ದರು.

"ವಿಲ್ಬರ್ಟ್, ನಿಜ ಹೇಳು. ನನ್ ಭುಜ ತಡೆಯತ್ತಾ?"

"ನಿಮಗೆ ಗೊತ್ತೂ ಆಗಲ್ಲ."

ಐನಾರ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಐವತ್ತೊಂಬತ್ತನೇ ಬೇಟೆ ತಪ್ಪಿ ಹೋಯ್ತಲ್ಲ ಅಂತಿದ್ದೆ ಕಣಪ್ಪ" ಎಂದವರೇ ಲವರ್ನಳ ಕಡೆ ತಿರುಗಿ, "ಅದೇ ಥರದ್ದು ಇನ್ನೊಂದು ಇಳಿಸು. ನಾಳೆ ಹತ್ತಕ್ಕೆ ಜಲ್ಲಿಗುಂಡೀಲಿ ಹೊಡೆದು ನೋಡ್ತೀನಿ. ಎಲ್ಲರೂ ಬನ್ನಿ" ಎಂದರು.

ಸಂಜೆ ಮಾರ್ಲಿಸ್ ಕಥೆಯನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ನಾಲ್ಕು ಈಡು ಹೊಡೆದಿದೀಯ. ಒಂದಾದ್ರೂ ತಾಗಿ, ಪಾಪದ್ದು ಎಲ್ಲೋ ಬಿದ್ದು ನರಳ್ತಿದ್ರೆ? ಬೆಳಿಗ್ಗೆ ಇಬ್ರೂ ಹೋಗಿ ಸರಿಯಾಗಿ ಹುಡುಕೋಣ."

ಬೆಳಿಗ್ಗೆ ಎಂಟೂವರೆಗೆ ಅವಳು ಮರಸಿನೊಳಗೆ ನಿಂತು, "ಎಲ್ಲಿಂದ ಹೊಡೆದೆ?" ಎಂದಳು. "ಇಲ್ಲಿಂದಲೇ" ಎಂದ. ಅವಳು ಬಗ್ಗಿ ಬೆಂಚಿನ ಕೆಳಗಿಂದ ಏನನ್ನೋ ಎತ್ತಿದಳು. ಆಮೇಲೆ ಇನ್ನೊಂದು. ಹೀಗೆ ನಾಲ್ಕು.

"ವಿಲ್ಬರ್ಟ್, ಹೊಡೆದ ತೋಟಾ ಹೇಗಿರತ್ತೆ?"

"ಖಾಲಿ ಇರತ್ತೆ. ತುದೀಲಿ ಗುಂಡು ಇರಲ್ಲ."

"ಇವಕ್ಕೆ ಇದೆ."

ಹಿತ್ತಾಳೆಯ ನಾಲ್ಕು ತೋಟಾ ಅವಳ ಅಂಗೈಯಲ್ಲಿ ಫಳಫಳ ಹೊಳೆಯುತ್ತಿದ್ದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ವಿಲ್ಬರ್ಟ್ ಅವನ್ನು ನೋಡಿದ. ತನ್ನ ಬಲಗೈಯ ತೋರುಬೆರಳನ್ನು ನೋಡಿದ. ಆ ಬೆರಳು ನಿನ್ನೆ ಏನು ಮಾಡುತ್ತಿತ್ತು ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ಬೋಲ್ಟ್ ಎಳೆದದ್ದು ನೆನಪಿದೆ, ನೂಕಿದ್ದು ನೆನಪಿದೆ. ಕುದುರೆ ಒತ್ತಿದ್ದು?

"ಢಂ ಅಂತು ಮಾರ್ಲಿಸ್. ನಾನೇ ಕೇಳಿದೀನಿ."

"ನಿನ್ನೆ ಇಡೀ ಜಿಲ್ಲೆಯೇ ಢಂ ಅಂತಿತ್ತು."

ಅವಳಿಗೆ ನಗು ಉಕ್ಕುತ್ತಿತ್ತು. ಆದರೆ ಗಂಡನ ಮುಖ ಹಿಮಕ್ಕಿಂತ ಬೆಳ್ಳಗಾದದ್ದು ಕಂಡು ತಡೆದಳು.

"ಐನಾರ್" ಎಂದ ವಿಲ್ಬರ್ಟ್. ಮಾತು ಉಸಿರಾಗಿ ಹೊರಬಂತು. "ಐನಾರ್ ಹತ್ತು ಗಂಟೆಗೆ ಹೊಡೀತಾರೆ. ಆ ಭುಜದಲ್ಲಿ. ನಾನು ಹೇಳಿದ್ದು ಕೇಳಿ."

ಫೋನ್ ಮಾಡಿದರೆ ಐನಾರ್ ಎತ್ತಲಿಲ್ಲ. ಪಿಕಪ್ಪನ್ನು ಮಾರ್ಲಿಸ್ ಓಡಿಸಿದಳು. ದಾರಿಯುದ್ದಕ್ಕೂ ವಿಲ್ಬರ್ಟನಿಗೆ ಲೋಹದ ಕೀಲೊಂದು ಮೂಳೆಯಿಂದ ಕಳಚಿಕೊಳ್ಳುವ ಸದ್ದು ಕೇಳಿಸುತ್ತಿತ್ತು.

"ಸುಮ್ನೆ ನಿಜ ಹೇಳ್ಬಿಡು" ಎಂದಳು ಮಾರ್ಲಿಸ್.

"ಗಾರ್ಡಿ ಇರ್ತಾನೆ. ನಿಮ್ಮಪ್ಪ ಇರ್ತಾರೆ."

"ಇರ್ತಾರೆ. ಅದಕ್ಕೇನು?"



ಜಲ್ಲಿಗುಂಡಿಯಲ್ಲಿ ಇಡೀ ನ್ಯಾಯಪೀಠ ನೆರೆದಿತ್ತು. ಟಾವ್ನೋ ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಗಾರ್ಡಿ ದೂರದಲ್ಲಿ ಗುರಿಯ ಹಾಳೆ ಅಂಟಿಸಿ ಬಂದಿದ್ದ. ಹಲಗೆ ಮೇಜಿನ ಮುಂದೆ ಐನಾರ್ ದಪ್ಪ ಕೋಟು ಹಾಕಿಕೊಂಡು, ಮುಖ ಬಿಗಿದುಕೊಂಡು ಕೂತಿದ್ದರು. ಎದುರಿಗೆ ಮರಳಿನ ಚೀಲದ ಮೇಲೆ ಹೊಸ ರೈಫಲ್.

ವಿಲ್ಬರ್ಟ್ ಓಡಿ ಬಂದ. ನಿಜ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾವ ತಲೆ ಎತ್ತಿ ನೋಡಿದರು. ನಿಜ ಹಿಂದಕ್ಕೆ ಹೋಗಿ, ಅದರ ಜಾಗದಲ್ಲಿ ಇನ್ನೇನೋ ಹೊರಬಿತ್ತು.

"ಮೊದಲು ನಾನು ಹೊಡೆದು ನೋಡ್ತೀನಿ ಐನಾರ್. ಹೊಸದು, ಏನಾದ್ರೂ ದೋಷ ಇದ್ದೀತು."

ಬೇಡ ಎನ್ನುತ್ತಾರೆ ಎಂದುಕೊಂಡಿದ್ದ. ಐನಾರ್ ಎಷ್ಟು ಬೇಗ ಕುರ್ಚಿ ಬಿಟ್ಟೆದ್ದರೆಂದರೆ ಅವರ ಟೋಪಿ ಕೆಳಗೆ ಬಿತ್ತು.

ವಿಲ್ಬರ್ಟ್ ಕೂತ. ಬೆವರು ಕತ್ತಿನಿಂದ ಬೆನ್ನಿಗಿಳಿಯಿತು. ರೈಫಲ್ ಜೋರಾಗಿ ಒದ್ದರೆ ಐನಾರರಿಗೆ ತಿಳಿದುಹೋಗುತ್ತದೆ, ತಾನು ಬಾಯಿ ಬಿಡುವ ಅಗತ್ಯವಿಲ್ಲ. ಆದರೆ ಆಗ ನಿನ್ನೆಯ ಪ್ರವಚನಕ್ಕೆ ಏನು ಹೇಳುವುದು? ಯಾವುದೂ ತೀರ್ಮಾನವಾಗುವ ಮೊದಲೇ ಅವನು ರೈಫಲ್ಲಿನ ಮೇಲೆ ಕೂರಿಸಿದ್ದ ದುರ್ಬೀನಿಗೆ ಕಣ್ಣನ್ನು ಅಂಟಿಸಿಕೊಂಡು, ಹಾಗೇ ಮುಚ್ಚಿಕೊಂಡು, ಕುದುರೆ ಒತ್ತಿದ. ಈ ಸಲ ನಿಜವಾಗಿ ಒತ್ತಿದ.

ಆಕಾಶ ಹರಿದ ಹಾಗಾಯಿತು. ಹೇಸರಗತ್ತೆ ಒದ್ದಂತೆ ಭುಜ ಹಿಂದಕ್ಕೆ ಹೋಯಿತು, ದುರ್ಬೀನಿನ ಅಂಚು ಹುಬ್ಬಿಗೆ ಬಡಿಯಿತು. ವಿಲ್ಬರ್ಟ್ ಕುರ್ಚಿಸಮೇತ ವಾಲಿ, ಹೇಗೋ ಸಾವರಿಸಿಕೊಂಡು, ಮುಗುಳ್ನಕ್ಕ.

"ಏನೂ ಇಲ್ಲ" ಎಂದ. "ಮಗು ಕೈಯಿಟ್ಟ ಹಾಗೆ."

"ರಕ್ತ ಬರ್ತಿದೆ" ಎಂದ ಗಾರ್ಡಿ.

"ಬರ್ಲಿ."

ಐನಾರ್ ಅವನನ್ನೇ ನೋಡಿದರು. ಹಣೆಯಿಂದ ಮೂಗಿಗೆ ರಕ್ತ ಇಳಿಯುತ್ತಿದ್ದರೂ ನಗುತ್ತಿರುವ ಮನುಷ್ಯ. ನಿಟ್ಟುಸಿರು ಬಿಟ್ಟು, ಗಲ್ಲಿಗೆ ಹೋಗುವವರ ಹಾಗೆ ಮೇಜಿನ ಕಡೆ ಒಂದು ಹೆಜ್ಜೆ ಇಟ್ಟರು. ವಿಲ್ಬರ್ಟ್ ತಟ್ಟನೆ ರೈಫಲ್ಲಿನ ಮೇಲೆ ಎರಡೂ ಕೈ ಊರಿ ಅಡ್ಡ ನಿಂತ.

"ಬೇಡ ಐನಾರ್. ನಾನು ಹೊಡೆದೇ ಇರಲಿಲ್ಲ. ನಿನ್ನೆ ಒಂದು ಈಡೂ ಹೊಡೆದಿರಲಿಲ್ಲ. ಹೆದರಿಕೇಲಿ ಬರೀ ಬೋಲ್ಟ್ ಎಳೆದು ನಾಲ್ಕೂ ತೋಟಾ ನೆಲಕ್ಕೆ ಹಾಕಿದೀನಿ. ಇದು ಒದೆಯತ್ತೆ. ಭಯಂಕರ ಒದೆಯತ್ತೆ. ನನಗೆ ರೈಫಲ್ ಅಂದ್ರೇನೇ ಭಯ. ಮೊದಲಿಂದಲೂ."

ಐನಾರ್ ಕೋಟಿನ ಗುಂಡಿ ಬಿಚ್ಚಿದರು. ಒಳಗೆ ಅವರ ಬಲಗೈ ಬಟ್ಟೆಯ ಜೋಲಿಯಲ್ಲಿ ನೇತಾಡುತ್ತಿತ್ತು.

"ನನಗೆ ಗೊತ್ತು ಕಣಪ್ಪ. ನಿನ್ನೆ ಸಂಜೆಯೇ ಕೊಟ್ಟಿಗೆ ಹಿಂದೆ ಹೋಗಿ ಒಂದು ಈಡು ಹೊಡೆದೆ. ಪ್ರಾಣ ಹೋದ ಹಾಗಾಯ್ತು. ಬೆಳಿಗ್ಗೆ ಡಾಕ್ಟರ ಹತ್ರ ಹೋಗಿ ಬೈಸ್ಕೊಂಡು ಬಂದೆ. ಕೀಲು ಜಾರಿಲ್ವಂತೆ, ಊದಿಕೊಂಡಿದೆ ಅಷ್ಟೆ."

"ಮತ್ತೆ ಇಲ್ಲಿ ಹೊಡಿಯೋಕೆ ಯಾಕೆ ಬಂದ್ರಿ?"

"ಎಲ್ಲರನ್ನೂ ಕರೆದುಬಿಟ್ಟಿದ್ದೆನಲ್ಲ. ವಿಲ್ಬರ್ಟ್ ನಿಸ್ಕಾನಿಗೇ ಏನೂ ಅನ್ನಿಸ್ದೇ ಇದ್ದದ್ದು ನನಗೆ ನೋವಾಯ್ತು ಅಂತ ಹೇಗೆ ಬಾಯ್ಬಿಡ್ಲಿ? ಆಮೇಲೆ ಆ ಮೇಜಿಗೆ ಹೇಗೆ ಹೋಗ್ಲಿ?"

ವಿಲ್ಬರ್ಟ್ ಹುಬ್ಬು ಒತ್ತಿಕೊಂಡು ಮೆಲ್ಲಗೆ ಕೂತ. ತಾನು ಬಾಯಿ ಮುಚ್ಚಿಕೊಂಡಿದ್ದರೂ ಐನಾರ್ ಇನ್ನೊಂದು ನಿಮಿಷದಲ್ಲಿ ತಾವೇ ಸೋಲೊಪ್ಪುತ್ತಿದ್ದರೋ ಏನೋ. ಟಾವ್ನೋ ಎದ್ದು ಬಂದು ಮಗಳು ಜೇಬಿನಿಂದ ತೆಗೆದು ತೋರಿಸಿದ ನಾಲ್ಕು ತೋಟಾಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ತೀರ್ಪು ಕೊಟ್ಟರು.

"ಒಳ್ಳೇ ರೈಫಲ್. ನಾಲ್ಕಕ್ಕೆ ನಾಲ್ಕೂ ಹೊರಗೆ ಹಾಕಿದೆ. ಒಂದೂ ಸಿಕ್ಕಾಕ್ಕೊಂಡಿಲ್ಲ."

ಗಾರ್ಡಿ ಲಾರಿಯ ಹಿಂದೆ ಹೋಗಿ ನಿಂತ. ಅವನ ನಗು ಅಲ್ಲಿಂದಲೂ ಕೇಳಿಸುತ್ತಿತ್ತು.

ಮನೆಯ ದಾರಿಯಲ್ಲಿ ವಿಲ್ಬರ್ಟ್ ಹುಬ್ಬಿಗೆ ಹಿಮದುಂಡೆ ಒತ್ತಿಕೊಂಡು ಕೂತಿದ್ದ. ಅವಮಾನ ಹೊಟ್ಟೆ ತುಂಬ ಆಗಿತ್ತು. ಆದರೆ ಭಯವೊಂದು ಹೋಗಿತ್ತು. ಇನ್ನು ಯಾರಿಗೂ ಏನೂ ಮುಚ್ಚಿಡಬೇಕಾದ್ದಿಲ್ಲ.

"ನಾಳೆ ಆ ಮರಸಿಗೆ ನಾನು ಕೂರ್ತೀನಿ" ಎಂದಳು ಮಾರ್ಲಿಸ್. "ಹತ್ತು ಕವಲಿನ ಜಿಂಕೆ, ಸುಮ್ನೆ ಬಿಡೋಕಾಗತ್ತಾ? ಹದಿನಾಲ್ಕು ವರ್ಷಕ್ಕೇ ಅಪ್ಪ ನನಗೆ ಹೊಡೆಯೋದು ಕಲಿಸಿದ್ರು. ನೀನು ಮಧ್ಯಾಹ್ನ ಬಿಸಿಬಿಸಿ ಮಾಂಸದ ಕಡುಬು ತಗೊಂಡು ಬಾ."

"ಕಾಡೊಳಗೆ? ನಡ್ಕೊಂಡು?"

"ಮತ್ತೆ ಹಾರ್ಕೊಂಡು ಬರ್ತೀಯಾ?"

"ಪೊದೆ ಅಲ್ಲಾಡಿದ್ದು ನೋಡಿ ನೀನು ನನ್ನನ್ನೇ ಜಿಂಕೆ ಅಂದ್ಕೊಂಡ್ರೆ?"

ಮಾರ್ಲಿಸ್ ಅವನ ಮೊಣಕಾಲು ತಟ್ಟಿದಳು. "ಹೆದರ್ಬೇಡ. ರೈಫಲ್ ಹಿಡಿದಾಗ ನಾನು ಬರೀ ಬೋಲ್ಟ್ ಎಳ್ಕೊಂಡು ಕೂರೋಳಲ್ಲ. ಗುರಿ ಇಟ್ಟೆ ಅಂದ್ರೆ ತಪ್ಪಲ್ಲ."

"ಅದಕ್ಕೇ ಭಯ" ಎಂದ ವಿಲ್ಬರ್ಟ್.