ಲೋಳೆಯಾದ ಸಿಲಿಕೇಟು

ಭೂವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಮನುಷ್ಯರು ಮೂವರು, ಕಲ್ಲುಗಳು ಮುನ್ನೂರು. ಟೀವಿಯ ಮೇಲೆ ಕಲ್ಲು, ಚಪ್ಪಲಿ ಗೂಡಿನಲ್ಲಿ ಕಲ್ಲು, ತರಕಾರಿ ಬುಟ್ಟಿಯಲ್ಲೂ ಕಲ್ಲು. (ಒಮ್ಮೆ ಅವರ ಹೆಂಡತಿ ಆಲೂಗಡ್ಡೆಯೆಂದು ಒಂದನ್ನು ಕುಕ್ಕರಿಗೆ ಹಾಕಿ ಆರು ಸೀಟಿ ಕೂಗಿಸಿದ್ದರು.)

ಆ ಭಾನುವಾರ ಆಕೆ ಬಚ್ಚಲು ತೊಳೆಯುವ ಆಸಿಡ್ ಬಾಟಲಿ ಹಿಡಿದೇ ಹಜಾರಕ್ಕೆ ಬಂದರು.

"ರೀ, ಕಿಟಕಿ ಪಕ್ಕದ ಕಪಾಟು ನನಗೆ ಬೇಕು. ಹೊಲಿಗೆ ಮಿಶಿನ್ ಇಡೋಕೆ ಜಾಗ ಇಲ್ಲ. ಕಲ್ಲು ತೆಗೀತೀರೋ, ಇದನ್ನ ಸುರೀಲೋ?"

ಮೇಷ್ಟ್ರು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಸುರಿ. ಸುಣ್ಣದ ಕಲ್ಲಾಗಿದ್ರೆ ಬುಸುಬುಸು ನೊರೆ ಬರ್ತಿತ್ತು. ಇವು ಸಿಲಿಕೇಟ್ ಕಣೆ! ನಿನ್ನ ಆಸಿಡ್‌ಗೆ ಜಪ್ಪಯ್ಯ ಅಂದ್ರೂ ಜಗ್ಗಲ್ಲ."

"ಕರಗಿದ್ರೆ?"

"ಕಪಾಟೇನು, ಇಡೀ ಹಜಾರಾನೇ ನಿಂದು! ಬೇಕಾದ್ದು ಆರಿಸ್ಕೋ."

ಆಕೆ ಬಟ್ಟೆ ಅಂಗಡಿಯಲ್ಲಿ ನಿಂತಷ್ಟು ಹೊತ್ತು ಕಪಾಟಿನ ಮುಂದೆ ನಿಂತು, ಬಿಳಿ ಸೂಜಿಗಳ ಗೊಂಚಲಿನಂಥ ಕಲ್ಲೊಂದನ್ನು ಎತ್ತಿಕೊಂಡರು. ಮೇಷ್ಟ್ರು ಪೇಪರು ಬದಿಗಿಟ್ಟು ಎದ್ದೇಬಿಟ್ಟರು. ಅದು ನ್ಯಾಟ್ರೊಲೈಟ್, ಯೌವನದಲ್ಲಿ ಬೆಟ್ಟ ಹತ್ತಿ, ಜಾರಿಬಿದ್ದು, ಮುಂಗೈ ಮುರಿದುಕೊಂಡು ತಂದದ್ದು. ಆದರೆ ಮಗಳು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದಳು. ಆಡಿದ ಮಾತನ್ನು ನುಂಗುವುದು ಹೇಗೆ?

ಮೇಷ್ಟ್ರು ಕೈಗವಸು ತೊಟ್ಟು, ಹಿತ್ತಿಲಲ್ಲಿ ಕಲ್ಲನ್ನು ಗಾಜಿನ ಬಟ್ಟಲಿಗಿಟ್ಟು ಸ್ವಹಸ್ತದಿಂದಲೇ ಆಸಿಡ್ ಸುರಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡ್ದ್ಯಾ? ವಿಜ್ಞಾನಕ್ಕೇ ಸವಾಲು ಹಾಕ್ತಾಳಂತೆ ನಿಮ್ಮಮ್ಮ!"

ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಉಂಡು, ಮಲಗಿ, ಗೊರಕೆ ಹೊಡೆದರು. ನಾಲ್ಕು ಗಂಟೆಗೆ ಎಬ್ಬಿಸಿದ್ದು ಮಗಳ ಕೂಗು.

"ಅಪ್ಪಾ, ಓಡಿಬನ್ನಿ! ನಿಮ್ಮ ಕಲ್ಲು ಗೋಂದು ಆಗೋಗಿದೆ!"

ಬಟ್ಟಲಿನಲ್ಲಿ ಸೂಜಿಗಳ ತುದಿಯೂ ಕಾಣಲಿಲ್ಲ. ಕಡ್ಡಿ ಅದ್ದಿ ಎತ್ತಿದರೆ ಲೋಳೆ ನಿಧಾನವಾಗಿ ಜೋತಾಡಿತು. ಕಲ್ಲಿನೊಳಗಿನ ಸೋಡಿಯಮ್ಮು, ಅಲ್ಯೂಮಿನಿಯಮ್ಮುಗಳನ್ನು ಆಸಿಡ್ ಎಳೆದುಕೊಂಡು, ಉಳಿದ ಸಿಲಿಕವನ್ನು ಲೋಳೆ ಮಾಡಿಬಿಟ್ಟಿತ್ತು. ಎಲ್ಲ ಸಿಲಿಕೇಟುಗಳೂ ಆಸಿಡ್‌ಗೆ ಜಗ್ಗದ ಗಟ್ಟಿಪಿಂಡಗಳಲ್ಲ ಎನ್ನುವುದು ಮೇಷ್ಟ್ರಿಗೆ ಆಗ ನೆನಪಾಯಿತು, ಹಜಾರ ಕೈಬಿಟ್ಟ ಮೇಲೆ.

ಒಳಗೆ ಹೆಂಡತಿ ಆಗಲೇ ಕಲ್ಲುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದರು.

"ಮುನ್ನೂರರಲ್ಲಿ ಅದೊಂದನ್ನೇ ಹೇಗೆ ಆರಿಸ್ದೆ ನೀನು?" ಮೇಷ್ಟ್ರ ದನಿ ಅಳುವಂತಿತ್ತು.

"ನಿಮ್ಮ ಥೀಸಿಸ್ಸಲ್ಲೇ ಇದೆಯಲ್ಲ, ನೂರಾ ಹನ್ನೆರಡನೇ ಪುಟ. ನ್ಯಾಟ್ರೊಲೈಟು ಆಸಿಡ್ಡಲ್ಲಿ ಲೋಳೆ ಆಗುತ್ತೆ ಅಂತ."

"ನನ್ನ ಥೀಸಿಸ್ಸಾ? ನಿನಗೆ ಹೇಗೆ ಗೊತ್ತು?"

"ಮೂರು ಸಲ ಟೈಪ್ ಮಾಡಿದ್ದು ಯಾರು?" ಆಕೆ ಬಕೆಟ್ಟನ್ನು ಗಂಡನ ಕೈಗೆ ತುರುಕಿದರು. "ನೀವು ಬರೆದ್ರಿ, ಅಷ್ಟೇ. ಇವತ್ತಿನವರೆಗೂ ಅದನ್ನ ಓದಿರೋಳು ನಾನೊಬ್ಬಳೇ."